ಮೂಡಲಗಿಗೆ ಹೋದ ಪಾಣಲ್ ಗಿಡ

“ಹಜ್ರತ್, ಉತ್ರುಜ್ಜ ಅಂದ್ರ ಯಾವ ಹಣ್ಣರೀ?”

ಮೂಡಲಗಿಯ ಮದ್ರಸದಲ್ಲಿ ಒಂದು ಸಂಜೆ ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಎದ್ದು ನಿಂತು ಕೇಳಿದ ಪ್ರಶ್ನೆ ಇದು. ಕುರ್‌ಆನ್ ಓದುವ ವಿಶ್ವಾಸಿಯನ್ನು ರುಚಿಯೂ ಪರಿಮಳವೂ ಎರಡೂ ಇರುವ ಒಂದು ಹಣ್ಣಿಗೆ ಹೋಲಿಸುವ ಹದೀಸನ್ನು ನಾವು ಆ ದಿನ ಪಾಠ ಮಾಡುತ್ತಿದ್ದೆವು. ಅಬೂ ಮೂಸಾ ಅಲ್ ಅಶ್‌ಅರಿ (ರ.ಅ.) ಅವರಿಂದ ಬಂದ ಹದೀಸ್, ಬುಖಾರಿಯಲ್ಲೂ ಇದೆ, ಮುಸ್ಲಿಮಿನಲ್ಲೂ ಇದೆ. ಓದದ ವಿಶ್ವಾಸಿಗೆ ಅಲ್ಲಿ ಖರ್ಜೂರದ ಹೋಲಿಕೆ. ಖರ್ಜೂರ ಯಾವ ಊರಿನ ಮಕ್ಕಳಿಗೂ ಗೊತ್ತು. ಉತ್ರುಜ್ಜ ಮಾತ್ರ ಯಾರಿಗೂ ಗೊತ್ತಿಲ್ಲ. ‘ನಾರಂಗಿ’ ಅಂತ ಅರ್ಥ ಹೇಳಿ ಮುಂದೆ ಹೋಗುವುದು ನಮ್ಮಲ್ಲಿ ವಾಡಿಕೆ. ನಿಜ ಹೇಳಬೇಕೆಂದರೆ ಅದು ಮಾದಲ ಹಣ್ಣು. ದಪ್ಪ ಸಿಪ್ಪೆಯ, ಕೋಣೆಯಲ್ಲಿಟ್ಟರೆ ಕೋಣೆಯೆಲ್ಲ ಘಮಘಮಿಸುವ ಜಾತಿ.

ಮಾದಲ ತೋರಿಸೋಣವೆಂದರೆ ಮೂಡಲಗಿ ಸಂತೆಯಲ್ಲಿ ಸಿಗಲಿಲ್ಲ. “ಲಿಂಬಿಹಣ್ಣಿನ ಬಳಗದ್ದು” ಎಂದೆವು. ಮರುದಿನ ಆ ಹುಡುಗ ಕಿಸೆಯಲ್ಲಿ ಒಂದು ಲಿಂಬೆಯನ್ನೂ ನಾಲ್ಕು ಎಲೆಗಳನ್ನೂ ತುಂಬಿಸಿಕೊಂಡು ಬಂದ. “ನಮ್ಮ ಹೊಲದಾಗ ಐತ್ರಿ. ಹಣ್ಣಿಗಷ್ಟ ಅಲ್ರಿ, ಎಲಿ ಹರದ್ರೂ ವಾಸನಿ ಬರತೈತಿ.”

ಅವನ ಮಾತು ಸರಿ. ಲಿಂಬೆಯ ಕುಟುಂಬದ ಗುರುತೇ ಅದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಸೂಜಿ ಚುಚ್ಚಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಒಂದೊಂದು ಚುಕ್ಕೆಯೂ ಎಣ್ಣೆಯ ಒಂದು ಸಣ್ಣ ಚೀಲ. ಎಲೆ ಹರಿದಾಗ ಆ ಚೀಲ ಒಡೆದು ಪರಿಮಳ ಹೊರಬರುತ್ತದೆ. ಕಿಟಕಿಯ ಹತ್ತಿರ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೋರಿಸಿದೆವು. ಒಬ್ಬ ಓಡಿ ಹೋಗಿ ಅಂಗಳದ ಕರಿಬೇವಿನ ಎಲೆ ತಂದ, ಅದರಲ್ಲೂ ಚುಕ್ಕೆ. ಇನ್ನೊಬ್ಬ ಬೆಳವಲ ಹಣ್ಣಿನ ಎಲೆ ತಂದ, ಅದರಲ್ಲೂ ಚುಕ್ಕೆ. ಎಲ್ಲ ಒಂದೇ ಬಳಗ.

ಆ ಹೊತ್ತಿಗೆ ನಮಗೆ ನಮ್ಮೂರ ಬೇಲಿ ನೆನಪಾಯಿತು. ಬೇಲಿಯಲ್ಲಿದ್ದ ಪಾಣಲ್ ನೆನಪಾಯಿತು.

ಈ ಪುಟ ಓದುವ ಮನೆಗಳಲ್ಲಿ ನಲವತ್ತು ದಾಟಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಸರಗೋಡಿನ ಕಡೆ ಪಾಣಲ್ ಎನ್ನುವ ಹೆಸರು ಚಾಲ್ತಿ. ಸಸ್ಯಗಳ ಪುಸ್ತಕದಲ್ಲಿ ಕನ್ನಡ ಹೆಸರು ಗುರೋಡ ಎಂದಿದೆ. ವಿಜ್ಞಾನದ ಹೆಸರು ಗ್ಲೈಕೋಸ್ಮಿಸ್ ಪೆಂಟಾಫಿಲ್ಲಾ. ಗ್ರೀಕ್ ಭಾಷೆಯಲ್ಲಿ ಮೊದಲನೆಯದಕ್ಕೆ ‘ಸಿಹಿ ಪರಿಮಳ’ ಎಂದು ಅರ್ಥ, ಎರಡನೆಯದಕ್ಕೆ ‘ಐದೆಲೆ’. ನಮ್ಮಲ್ಲಿ ಅನೇಕರ ಮನೆಯಲ್ಲಿ ಹೆಸರೇ ಇರಲಿಲ್ಲ, ‘ಬೇಲಿ ಹಣ್ಣು’ ಅಷ್ಟೆ. ಗಿಡ ಆಳೆತ್ತರ, ಕೆಲವು ಕಡೆ ಅದಕ್ಕೂ ಎತ್ತರ. ವರ್ಷವಿಡೀ ಹಸಿರು. ಒಂದು ತೊಟ್ಟಿನಲ್ಲಿ ಮೂರರಿಂದ ಐದು ಎಲೆ. ಬಿಳಿಯ ಸಣ್ಣ ಹೂವು. ಹಣ್ಣು ಕಡಲೆಯಿಂದ ಗೋಲಿಯವರೆಗಿನ ಗಾತ್ರ, ಅಂದರೆ ಒಂದು ಸೆಂಟಿಮೀಟರ್‌ಗೆ ಸ್ವಲ್ಪ ಹೆಚ್ಚು ಕಡಿಮೆ. ಮೊದಲು ಹಸಿರು, ಆಮೇಲೆ ಬಿಳಿಚು, ಕೊನೆಗೆ ತೆಳು ಗುಲಾಬಿ. ಪೂರ್ತಿ ಹಣ್ಣಾದಾಗ ಒಳಗಿನ ಬೀಜ ಹೊರಗಿನಿಂದಲೇ ಮಸುಕಾಗಿ ಕಾಣುವಷ್ಟು ಪಾರದರ್ಶಕ. ಬಾಯಿಗೆ ಹಾಕಿದರೆ ಮೊದಲು ಸಿಹಿ, ಹಿಂದಿನಿಂದ ಲಿಂಬೆ ಸಿಪ್ಪೆಯಂತಹ ಒಂದು ಘಾಟು, ತುಟಿಗೆ ಸ್ವಲ್ಪ ಅಂಟು. ತಿರುಳು ಹೆಚ್ಚಿಲ್ಲ. ಇಪ್ಪತ್ತು ತಿಂದರೂ ಹೊಟ್ಟೆ ತುಂಬುವುದಿಲ್ಲ.

ನಾವು ಮದ್ರಸಕ್ಕೆ ಹೋಗುತ್ತಿದ್ದ ದಾರಿಯಲ್ಲಿ ಮಣ್ಣಿನ ದರೆ, ದರೆಯ ಮೇಲೆ ಬೇಲಿ, ಬೇಲಿಯಲ್ಲಿ ಕೇಪುಳ, ಕುಂಟಾಲ, ಪಾಣಲ್ ಎಲ್ಲ ಹೆಣೆದುಕೊಂಡು ಇರುತ್ತಿದ್ದವು. ಯಾರೂ ನೆಟ್ಟದ್ದಲ್ಲ. ಹಕ್ಕಿಗಳು ತಿಂದು ಬೀಜ ಹಾಕಿದಲ್ಲಿ ಹುಟ್ಟಿದ್ದು. ಬೆಳಿಗ್ಗೆ ಓದಿಗೆ ತಡವಾಗುತ್ತದೆಂದು ಉಮ್ಮ ಬೈಯುತ್ತಿದ್ದರು, ನಮ್ಮ ಕೈ ಬೇಲಿಯೊಳಗೆ ಇರುತ್ತಿತ್ತು. ಕಿಸೆಯಲ್ಲಿ ಹಣ್ಣು ಒಡೆದು ಬಿಳಿ ಅಂಗಿಗೆ ಅಂಟು ಮೆತ್ತಿಕೊಂಡರೆ ಉಸ್ತಾದರ ಕೈಯಿಂದ ಬೇರೆ ಪಾಠ.

ಮೂಡಲಗಿಯ ಮಕ್ಕಳಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಇಲ್ಲಿ ಯಾಕಿಲ್ರಿ?”

ಉತ್ತರ ಮಳೆಯಲ್ಲಿದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಹತ್ತಿರ ಮಳೆ ಸುರಿದರೆ ಗೋಕಾಕದ ಕಡೆ ಆರುನೂರರ ಆಸುಪಾಸು. ಪಾಣಲ್‌ಗೆ ನೆರಳು ಬೇಕು, ತೇವ ಬೇಕು, ಕಾಲ ಬುಡದಲ್ಲಿ ಎಲೆ ಕೊಳೆತ ಮಣ್ಣು ಬೇಕು. ಇಲ್ಲಿಯದು ಎರೆಮಣ್ಣು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಕಾಲುವೆ ನೀರು ಬಂದಲ್ಲಿ ಕಬ್ಬು, ಬಾರದಲ್ಲಿ ಜೋಳ. ಗುಡ್ಡದ ಕಲ್ಲಿನ ನಡುವೆ ಮಕ್ಕಳಿಗೆ ಸಿಗುವುದು ಕವಳಿ ಹಣ್ಣು, ಬಾರಿ ಹಣ್ಣು. ಅವಕ್ಕೂ ಅವುಗಳದ್ದೇ ರುಚಿ ಇದೆ, ನಾವು ಕವಳಿ ತಿನ್ನಲು ಕಲಿತದ್ದು ಇಲ್ಲಿಗೆ ಬಂದ ಮೇಲೆಯೇ. ದಕ್ಷಿಣ ಭಾರತದ ಒಣ ಕುರುಚಲು ಕಾಡುಗಳಲ್ಲಿ ಪಾಣಲ್‌ನ ನೆಂಟನೊಬ್ಬ ಇದ್ದಾನೆ, ಕಾಡುನಿಂಬೆ. ಅದಕ್ಕೆ ಮುಳ್ಳು, ಗಟ್ಟಿ ಮರ, ಹಣ್ಣು ಸಣ್ಣ ಲಿಂಬೆಯಂತೆಯೇ. ಅದನ್ನು ಉಪ್ಪಿನಕಾಯಿ ಹಾಕುವವರಿದ್ದಾರೆ.

ಒಂದು ವಿಷಯ ಮಾತ್ರ ಮಕ್ಕಳಿಗೆ ಬಹಳ ಹಿಡಿಸಿತು. ಗೋಕಾಕದಲ್ಲಿ ಧುಮುಕುವ ಘಟಪ್ರಭಾ ನದಿ ಹುಟ್ಟುವುದು ಸಹ್ಯಾದ್ರಿಯಲ್ಲಿ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟಿನಲ್ಲಿ ನಿಂತು, ಆಮೇಲೆ ಗೋಕಾಕದಲ್ಲಿ 52 ಮೀಟರ್ ಕೆಳಗೆ ಬೀಳುತ್ತದೆ. ಪಾಣಲ್‌ನ ಕಾಡು ಇರುವುದೂ ಅದೇ ಸಹ್ಯಾದ್ರಿಯ ತೇವದ ನೆರಳಿನಲ್ಲಿ. ಮರಾಠಿಯವರು ಅದಕ್ಕೆ ಕಿರ್ಮಿರಾ ಎನ್ನುತ್ತಾರೆ. “ಹಂಗಾದ್ರ ನೀರು ಬಂದೈತಿ, ಗಿಡ ಬಂದಿಲ್ಲ” ಎಂದ ಅದೇ ಹುಡುಗ. ಅವನಿಗೆ ಬೀಜ ತಂದು ಕೊಡುವುದಾಗಿ ಮಾತು ಕೊಟ್ಟೆವು. ಮಕ್ಕಳಿಗೆ ಮಾತು ಕೊಟ್ಟು ಮರೆಯುವುದು ದೊಡ್ಡವರಿಗೆ ಅಭ್ಯಾಸ. ಆ ಹುಡುಗ ಮಾತ್ರ ಮರೆಯುವ ಜಾತಿಯಲ್ಲ.

ರಮಝಾನ್ ರಜೆಯಲ್ಲಿ ಎರಡು ಕೆ.ಜಿ. ಗೋಕಾಕ ಕರದಂಟು ಕಟ್ಟಿಸಿಕೊಂಡು ಊರಿಗೆ ಹೋದೆವು.

ಊರಿನಲ್ಲಿ ಇಳಿದಾಗ ಕಂಡದ್ದನ್ನು ಹೇಗೆ ಹೇಳುವುದು. ಮದ್ರಸದ ದಾರಿಯ ದರೆ ಇಲ್ಲ. ಎರಡೂ ಬದಿ ಕೆಂಪುಕಲ್ಲಿನ ಕಂಪೌಂಡ್, ಅದರ ಮೇಲೆ ಗಾಜಿನ ಚೂರು. ನಡುವೆ ಕಾಂಕ್ರೀಟ್ ರಸ್ತೆ. ರಸ್ತೆ ಬಂದದ್ದಕ್ಕೆ ನಮಗೆ ದುಃಖವಿಲ್ಲ, ಮಳೆಗಾಲದಲ್ಲಿ ಜನಾಝ ಹೊತ್ತು ಆ ಕೆಸರಿನಲ್ಲಿ ನಡೆದವರಿಗೆ ರಸ್ತೆಯ ಬೆಲೆ ಗೊತ್ತು. ಆದರೆ ಬೇಲಿ ಎಂಬುದು ಒಂದು ಕಡೆಯೂ ಉಳಿದಿಲ್ಲ. ಉಳಿದದ್ದು ನಮ್ಮ ಹಿತ್ತಿಲಿನಲ್ಲಿ, ಬಾವಿಯ ಹಿಂದಿನ ಪಡುವಣ ಬದಿಯಲ್ಲಿ ಮಾತ್ರ.

ಅದೂ ಎಷ್ಟು ದಿನವೋ. ಉಮ್ಮ ಹೋದ ಮೇಲೆ ಜಾಗ ಪಾಲಾಯಿತು. ಮನೆ ಮತ್ತು ಹಿತ್ತಿಲು ಕಿರಿಯ ತಮ್ಮನಿಗೆ. ಅವನು ಗಲ್ಫ್‌ನಲ್ಲಿ ದುಡಿದು, ರಜೆಗೆ ಬರದೆ ಉಳಿಸಿದ ಹಣದಲ್ಲಿ ಮೂರು ಬದಿ ಕಂಪೌಂಡ್ ಕಟ್ಟಿಸಿದ್ದಾನೆ. ಪಡುವಣ ಬದಿ ಬಾಕಿ. ನಾವು ಹೋದ ದಿನವೇ ಫೋನಿನಲ್ಲಿ ಹೇಳಿದ: “ಕಾಕ, ಜೆಸಿಬಿಯವನಿಗೆ ಹೇಳಿ ಆಗಿದೆ. ಅಲ್ಲಿ ಕಾಡು ಬೆಳೆದು ಹಾವು ಬರ್ತದೆ. ಮಕ್ಕಳಿದ್ದಾರಲ್ಲ.”

ಅವನ ಮಾತಿಗೂ ಅರ್ಥವಿದೆ. ಹೆಂಡತಿ, ಮಕ್ಕಳು ಒಬ್ಬರೇ ಇರುವ ಮನೆ. ಗೋಡೆ ಇದ್ದರೆ ಅವನಿಗೆ ಅಲ್ಲಿ ನಿದ್ದೆ. ನಾವು ವಾದ ಮಾಡಲಿಲ್ಲ. ಬೇಲಿಗೆ ಹೋದೆವು.

ಪಾಣಲ್ ಹಣ್ಣು ಬಿಟ್ಟಿತ್ತು. ತಮ್ಮನ ಮಕ್ಕಳಿಬ್ಬರು ಹಿಂದೆ ಬಂದರು. ಬೀಜಕ್ಕೆಂದು ಕೀಳುತ್ತಿದ್ದುದನ್ನು ನೋಡಿ ದೊಡ್ಡವಳು, “ಮೂತಾಪ್ಪ, ಅದು ವಿಷ ಅಲ್ವಾ?” ಎಂದಳು. ಹನ್ನೆರಡು ವರ್ಷ ಅದೇ ಬೇಲಿಯ ಪಕ್ಕದಲ್ಲಿ ಬೆಳೆದ ಹುಡುಗಿ.

ನಮಗೆ ಬೇಸರವಾಯಿತು. ಆದರೆ ಅವಳು ಹೆದರಿದ್ದು ತಪ್ಪಲ್ಲ, ಅದನ್ನೂ ಇಲ್ಲಿ ಬರೆಯಬೇಕು. ನಮ್ಮ ಕರಾವಳಿಯಲ್ಲಿ ಕಾಸರಕದ ಮರವಿದೆ. ಕಾಸರಗೋಡಿಗೆ ಆ ಹೆಸರು ಬಂದದ್ದೇ ಈ ಮರದಿಂದ ಎನ್ನುವವರಿದ್ದಾರೆ. ಅದರ ಹಣ್ಣು ನೋಡಲು ಚಂದದ ಕಿತ್ತಳೆ, ಉರುಟು, ಬಣ್ಣವೂ ಅದೇ. ಬೀಜದಲ್ಲಿರುವುದು ಸ್ಟ್ರಿಕ್ನಿನ್, ಜೀವ ತೆಗೆಯುವ ವಿಷ. ಗುಲಗಂಜಿಯ ಬೀಜವೂ ವಿಷವೇ. ಲಂಟಾನದ ಕಾಯಿಯೂ ಮಕ್ಕಳಿಗೆ ಆಗುವಂಥದ್ದಲ್ಲ. ಆದ್ದರಿಂದ ‘ಬೇಲಿ ಹಣ್ಣು ತಿನ್ನಿ’ ಎಂದು ಯಾವ ಮಗುವಿಗೂ ಸುಮ್ಮನೆ ಹೇಳಬಾರದು. ಗಿಡ ಗೊತ್ತಿರುವ ಹಿರಿಯರೊಬ್ಬರು ಪಕ್ಕದಲ್ಲಿರಬೇಕು. ಕಾಸರಕದ ಎಲೆ ಒಂಟಿ, ಬುಡದಿಂದಲೇ ಮೂರೋ ಐದೋ ದಪ್ಪ ನರ ಎದ್ದು ಕಾಣುತ್ತದೆ, ಬೆಳಕಿಗೆ ಹಿಡಿದರೆ ಎಣ್ಣೆಯ ಚುಕ್ಕೆಯಿಲ್ಲ. ಹಣ್ಣೂ ಪಾಣಲ್‌ಗಿಂತ ಎಷ್ಟೋ ದೊಡ್ಡದು. ಪಾಣಲ್‌ನ ತೊಟ್ಟಿನಲ್ಲಿ ಒಂದಕ್ಕಿಂತ ಹೆಚ್ಚು ಎಲೆ, ಹಿಡಿದರೆ ಚುಕ್ಕೆ, ಉಜ್ಜಿದರೆ ಲಿಂಬೆಯ ವಾಸನೆ. ಚುಕ್ಕೆ ಕಂಡದ್ದೆಲ್ಲ ತಿನ್ನಬಹುದು ಎಂದೂ ಅಲ್ಲ. ಅದು ಬಳಗದ ಗುರುತು ಮಾತ್ರ, ತಿನ್ನಲು ಅಪ್ಪಣೆಯಲ್ಲ.

ನರ್ಸರಿಗಳಲ್ಲಿ ಸಿಗುವ ಲೈಮ್‌ಬೆರಿ ಎಂಬುದೂ ಒಂದಿದೆ. ಮೂರೆಲೆ, ಮುಳ್ಳು, ಕೆಂಪು ಹಣ್ಣು. ಅದೂ ಇದೇ ಕುಟುಂಬದ್ದು, ತಿನ್ನುವ ಹಣ್ಣೇ, ಆದರೆ ನಮ್ಮ ಪಾಣಲ್ ಅಲ್ಲ.

ಪಾಣಲ್‌ಗೆ ಇಂಗ್ಲಿಷಿನಲ್ಲಿ ಆರೆಂಜ್‌ಬೆರಿ ಎನ್ನುತ್ತಾರೆ. ಜಿನ್ ಬೆರಿ ಎಂಬ ಇನ್ನೊಂದು ಹೆಸರೂ ಇದೆ. ಓದುಗರು ಗಾಬರಿಯಾಗುವುದು ಬೇಡ. ಅದರ ಘಾಟು ಜಿನ್ ಎಂಬ ಮದ್ಯದ ವಾಸನೆಗೆ ಹತ್ತಿರವೆಂದು ಯಾರೋ ಇಟ್ಟ ಹೆಸರು. ಆ ಮದ್ಯಕ್ಕೆ ವಾಸನೆ ಬರುವುದು ಜೂನಿಪರ್ ಎಂಬ ಬೇರೆಯೇ ಗಿಡದ ಕಾಯಿಯಿಂದ. ಪಾಣಲ್‌ಗೂ ಅದಕ್ಕೂ ಸಂಬಂಧವಿಲ್ಲ. ಹೆಸರು ಇಟ್ಟವನ ಮೂಗು ಎಲ್ಲೆಲ್ಲಿ ಓಡಾಡಿತ್ತೋ, ಅದಕ್ಕೆ ಗಿಡ ಏನು ಮಾಡೀತು.

ಇದಕ್ಕಿಂತ ನಮಗೆ ಇಷ್ಟವಾದ ಹೆಸರು ಬಂಗಾಳದ್ದು. ಅಲ್ಲಿ ಇದಕ್ಕೆ ಆಶ್‌ಶೇವಡಾ ಎನ್ನುತ್ತಾರೆ, ದಾತ್‌ಮಾಜನ್ ಎಂದೂ ಕರೆಯುತ್ತಾರೆ. ಎರಡನೆಯದಕ್ಕೆ ಹಲ್ಲುಜ್ಜುವುದು ಎಂದೇ ಅರ್ಥ. ಬಂಗಾಳದ ಹಳ್ಳಿಗಳಲ್ಲಿ ಅದರ ಎಳೆ ಕಡ್ಡಿಯನ್ನು ಜಗಿದು ಹಲ್ಲುಜ್ಜುವ ರೂಢಿ ಇದೆ. ಮಿಸ್ವಾಕ್ ಎಂದರೆ ನಮಗೆ ಅರಾಕ್ ಮರದ ಕಡ್ಡಿ, ಹಜ್ಜಿಗೆ ಹೋದವರು ಕಟ್ಟು ಕಟ್ಟು ತಂದು ಹಂಚುವುದು. ಮಿಸ್ವಾಕ್ ಸುನ್ನತ್ ಎಂದು ಪಾಠ ಹೇಳುತ್ತಾ, ಬೇಲಿಯಲ್ಲೇ ಇರುವ ಕಡ್ಡಿಯನ್ನು ಒಮ್ಮೆಯೂ ಮುರಿದು ನೋಡಿರಲಿಲ್ಲ ನಾವು. ಆ ರಜೆಯಲ್ಲಿ ಮುರಿದು ಜಗಿದೆವು. ಸ್ವಲ್ಪ ಕಹಿ, ಸ್ವಲ್ಪ ಲಿಂಬೆ, ತುದಿ ಚೆನ್ನಾಗಿ ಬ್ರಷ್ ಆಗುತ್ತದೆ.

ಎಲೆಯನ್ನು ಜ್ವರಕ್ಕೆ, ಹೊಟ್ಟೆಹುಳಕ್ಕೆ, ಪಿತ್ತಕ್ಕೆ ಹಳ್ಳಿಮದ್ದಾಗಿ ಬಳಸಿದ್ದು ಉಂಟು. ಸಂಸ್ಕೃತದಲ್ಲಿ ಅಶ್ವಶಾಖೋಟ, ವನನಿಂಬುಕ ಎಂದು ಹೆಸರುಗಳಿವೆ. ಎಲೆಯಲ್ಲಿ ಅರ್ಬೋರಿನ್ ಮೊದಲಾದ ಆಲ್ಕಲಾಯ್ಡ್‌ಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಆಲ್ಕಲಾಯ್ಡ್ ಎಂದರೆ ಮದ್ದೂ ಆಗಬಹುದು, ಹೆಚ್ಚಾದರೆ ಕೇಡೂ ಆಗಬಹುದು. ಅರಿಶಿನ ಕಾಮಾಲೆಗೆ ಇದರ ರಸ ಕುಡಿಸಿ ಆಸ್ಪತ್ರೆಗೆ ಹೋಗುವುದನ್ನು ತಡ ಮಾಡಿದರೆ ಅದು ಜಾಣತನವಲ್ಲ.

ರಜೆ ಮುಗಿದು ಹೊರಟಾಗ ಒಂದು ಡಬ್ಬಿಯಲ್ಲಿ ಇಡೀ ಹಣ್ಣುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡೆವು. ಇನ್ನೊಂದು ಕಾಗದದ ಪೊಟ್ಟಣದಲ್ಲಿ ತೊಳೆದು ಒಣಗಿಸಿದ ಬೀಜ. ಒಣಗಿಸಿದ್ದು ಒಂದೂ ಹುಟ್ಟಲಿಲ್ಲ. ಲಿಂಬೆ ಬೆಳೆಸಿದ ಯಾರನ್ನು ಕೇಳಿದರೂ ಮೊದಲೇ ಹೇಳುತ್ತಿದ್ದರು, ಈ ಬಳಗದ ಬೀಜ ಹಸಿಯಿದ್ದಾಗಲೇ ಮಣ್ಣಿಗೆ ಬೀಳಬೇಕು ಎಂದು. ನಾವು ಕೇಳಿರಲಿಲ್ಲ. ಹಣ್ಣಿನಿಂದ ಆಗ ತಾನೆ ತೆಗೆದು ಹಾಕಿದವುಗಳಲ್ಲಿ ಏಳು ಮೊಳೆತವು.

ಏಳರಲ್ಲಿ ಎರಡನ್ನು ಗೋಕಾಕಕ್ಕೆ ಕೊಟ್ಟೆವು. ಅಲ್ಲಿಯ ಗೆಳೆಯರು ತಾರಸಿಯ ಮೇಲೆ ಕುಂಡದಲ್ಲಿಟ್ಟರು. ಗೋಕಾಕದ ಏಪ್ರಿಲ್ ತಿಂಗಳ ತಾರಸಿ ಎಂದರೆ ಒಲೆಯ ಮೇಲಿನ ಹೆಂಚು. ಹತ್ತು ದಿನಕ್ಕೆ ಎರಡೂ ಹೋದವು. ಹುಕ್ಕೇರಿಗೆ ಎರಡು. ಆದಿಲ್‌ಶಾಹಿ ಕಾಲದ ಗುಂಬಜ್‌ಗಳಿರುವ ಊರು ಅದು. ಅಲ್ಲೊಬ್ಬ ಹಿರಿಯರ ಮನೆಯ ಹಿಂದೆ ದೊಡ್ಡ ಹುಣಸೆ ಮರ, ಅದರ ನೆರಳಿನಲ್ಲಿ ನೆಟ್ಟರು. ಒಂದನ್ನು ಆಡು ಮೇಯ್ದಿತು. ಆಮೇಲೆ ಅದೇ ಬುಡದಿಂದ ಚಿಗುರಿದೆಯಂತೆ. ಹಿರಿಯರು ಆಡಿಗೆ ಬೈಯಲೂ ಇಲ್ಲ, “ಆಡು ಮುಟ್ಟಿದ್ದಕ್ಕ ವಿಷ ಇಲ್ಲ ಅಂತ ಖಾತ್ರಿ ಆತು” ಎಂದರು. ಆಡಿನ ಸಾಕ್ಷಿ ಮನುಷ್ಯರಿಗೆ ನಡೆಯುವುದಿಲ್ಲ ಎಂದು ಅವರಿಗೆ ಹೇಳಿದ್ದೇವೆ.

ಉಳಿದ ಮೂರು ಮೂಡಲಗಿಯ ಮದ್ರಸದಲ್ಲಿ. ಎಲ್ಲಿ ನೆಡುವುದು ಎಂದು ಯೋಚಿಸುತ್ತಿದ್ದಾಗ ಜಾಗ ತೋರಿಸಿದ್ದು ಅದೇ ಹುಡುಗ. ವುಳೂ ಮಾಡುವ ನಲ್ಲಿಗಳ ನೀರು ಗೋಡೆಯ ಹಿಂದೆ ಹರಿದು ಹೋಗುತ್ತದೆ. ದಿನಕ್ಕೆ ಐದು ಹೊತ್ತು, ತಪ್ಪದೆ. ಗೋಡೆಯ ನೆರಳು ಮಧ್ಯಾಹ್ನದ ನಂತರ ಅಲ್ಲೇ ಬೀಳುತ್ತದೆ. ಎರೆಮಣ್ಣನ್ನು ತೆಗೆದು, ಮರಳು ಮತ್ತು ಹಳೆಯ ಗೊಬ್ಬರ ಬೆರೆಸಿ, ಮೇಲೆ ಕಬ್ಬಿನ ರವದಿ ಹಾಸಿದರು ಮಕ್ಕಳು. ಕಬ್ಬಿನ ಊರಿನಲ್ಲಿ ರವದಿಗೆ ಬರವಿಲ್ಲ. ಸೋಪಿನ ನೀರು ಆ ಕಡೆ ಹೋಗದಂತೆ ಬಟ್ಟೆ ಒಗೆಯುವ ಕಲ್ಲನ್ನು ಈಚೆಗೆ ಸರಿಸಿದೆವು. ಮೂರರಲ್ಲಿ ಎರಡು ಬದುಕಿವೆ. ಇನ್ನೂ ಮೊಣಕಾಲೆತ್ತರ ಬಂದಿಲ್ಲ.

ಮಳೆ ಕಳೆದ ಮೇಲೆ ಒಂದು ಬೆಳಿಗ್ಗೆ ಮಕ್ಕಳ ಗಲಾಟೆ. ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತಹದ್ದು ಏನೋ ಇದೆ, ಅದು ನಡೆಯುತ್ತದೆ, ಎಲೆ ತಿನ್ನುತ್ತದೆ. ಒಬ್ಬನ ಕೈಯಲ್ಲಿ ಆಗಲೇ ಚಪ್ಪಲಿ. “ಹಜ್ರತ್, ಹೊಡೀಲೇನ್ರಿ?”

ಅದು ಚಿಟ್ಟೆಯ ಹುಳ. ಕಾಮನ್ ಮಾರ್ಮನ್ ಎಂಬ ಕಪ್ಪು ಚಿಟ್ಟೆ ಲಿಂಬೆ, ಕರಿಬೇವು, ಪಾಣಲ್‌ನಂತಹ ಈ ಬಳಗದ ಗಿಡಗಳಲ್ಲೇ ಮೊಟ್ಟೆ ಇಡುತ್ತದೆ. ಹುಳ ಚಿಕ್ಕದಿರುವಾಗ ಹಕ್ಕಿ ಹಿಕ್ಕೆಯ ವೇಷ, ಹಕ್ಕಿಗಳು ಮುಟ್ಟದಿರಲಿ ಎಂದು. ದೊಡ್ಡದಾದಾಗ ಹಸಿರು. 2015ರಲ್ಲಿ ಪಕ್ಕದ ಮಹಾರಾಷ್ಟ್ರ ತನ್ನ ರಾಜ್ಯ ಚಿಟ್ಟೆ ಎಂದು ಘೋಷಿಸಿದ ಬ್ಲೂ ಮಾರ್ಮನ್ ಕೂಡ ಮರಿಯಾಗಿದ್ದಾಗ ತಿನ್ನುವುದು ಇದೇ ಬಳಗದ ಎಲೆಯನ್ನು. ಪಾಣಲ್ ಎಂಬ ಗಿಡವನ್ನು ಈ ಊರು ಕಂಡಿರಲಿಲ್ಲ. ಆದರೆ ಚಿಟ್ಟೆಗೆ ಅದನ್ನು ಯಾರೂ ಪರಿಚಯ ಮಾಡಿಸಬೇಕಾಗಲಿಲ್ಲ. ಗಿಡದಲ್ಲಿದ್ದದ್ದು ಹನ್ನೊಂದು ಎಲೆ. ಹುಳ ನಾಲ್ಕನ್ನು ತಿಂದಿತ್ತು. ಇರುವುದೇ ಎರಡು ಗಿಡ ಎಂದು ನಮಗೂ ಒಂದು ಕ್ಷಣ ಅನಿಸಿತು. ಕೊನೆಗೆ ಹುಳವನ್ನು ಒಂದು ಕಡ್ಡಿಯ ಮೇಲೆ ಹತ್ತಿಸಿ ಅಂಗಳದ ಕರಿಬೇವಿಗೆ ಸಾಗಿಸಿದೆವು. ಕರಿಬೇವಿಗೆ ಎಲೆ ಸಾವಿರ ಇದೆ. ಅಡುಗೆಯವರು ಮಾತ್ರ ಇನ್ನೂ ನಮ್ಮ ಮೇಲೆ ಮುನಿಸಿನಲ್ಲಿದ್ದಾರೆ.

ಈ ಗಿಡಗಳ ಫೋಟೋವನ್ನು ತಮ್ಮನಿಗೆ ಕಳುಹಿಸಿದೆವು. “ನಮ್ಮ ಹಿತ್ತಿಲಿನ ಬೀಜ” ಎಂದು ಬರೆದೆವು. ಎರಡು ದಿನ ಉತ್ತರವಿಲ್ಲ. ಗೋಡೆಯ ವಿಷಯ ನಾವು ಎತ್ತಲಿಲ್ಲ, ಮನೆ ಅವನದು.

ಕಳೆದ ತಿಂಗಳು ಅವನೇ ರಜೆಗೆ ಊರಿಗೆ ಬಂದ. ಒಂದು ಶುಕ್ರವಾರ ಜುಮುಅ ಮುಗಿಸಿ ನಾವು ಕೋಣೆಗೆ ಬಂದಾಗ ಮೊಬೈಲಿನಲ್ಲಿ ಅವನ ಫೋಟೋ. “ಕಾಕ, ಇದಾ ನಿಮ್ಮ ಗಿಡ? ಮೇಸ್ತ್ರಿ ಬಂದಿದ್ದಾನೆ, ಬೇಗ ಹೇಳಿ.” ನೋಡಿದರೆ ಕೇಪುಳ. ನಮಗಿಂತ ಹದಿನಾಲ್ಕು ವರ್ಷ ಚಿಕ್ಕವನು ಅವನು, ಶಾಲೆಯ ವ್ಯಾನಿನಲ್ಲಿ ಹೋದವನು, ಬೇಲಿಯ ದಾರಿಯಲ್ಲಿ ನಡೆದವನಲ್ಲ. ಎಲೆ ಕಿತ್ತು ಬಿಸಿಲಿಗೆ ಹಿಡಿದು ನೋಡು, ಚುಕ್ಕೆ ಕಂಡರೆ ಅದು, ಎಂದು ಬರೆದೆವು.

ಹತ್ತು ನಿಮಿಷ ಬಿಟ್ಟು ಇನ್ನೊಂದು ಫೋಟೋ ಬಂತು. ಮಗಳ ಕೈಯಲ್ಲಿ ಒಂದು ಎಲೆ, ಹಿಂದಿನಿಂದ ಬಿಸಿಲು, ಎಲೆ ತುಂಬ ಚುಕ್ಕೆ. ಅದರ ಹಿಂದೆ ಮಸುಕಾಗಿ ಮೇಸ್ತ್ರಿ ಕಟ್ಟಿದ ನೂಲು ಕಾಣುತ್ತದೆ. ಬಾವಿಯ ಹತ್ತಿರ ಬಂದಾಗ ಅದು ನೇರ ಹೋಗದೆ, ಎರಡು ಮೊಳದಷ್ಟು ಒಳಗೆ ತಿರುಗಿ, ಪೊದೆಯನ್ನು ಹೊರಗೆ ಬಿಟ್ಟು ಹೋಗಿತ್ತು.